ನಿವೃತ್ತಿಯ ಮನೆಗೆ ಎಷ್ಟು ಹಣ ಬೇಕು? ಲೆಕ್ಕ ಹಾಕುವ ಬಗೆ

“ಇನ್ನೆರಡು ವರ್ಷ ದುಡಿದು, ಊರಿನಲ್ಲಿ ಒಂದು ಮನೆ ಕಟ್ಟಿ ಬಂದುಬಿಡುತ್ತೇನೆ.” ನಮ್ಮ ಕರಾವಳಿಯ ಬಹಳಷ್ಟು ಮನೆಗಳಲ್ಲಿ ಗಲ್ಫ್‌ನಿಂದ ಬರುವ ಫೋನ್ ಕರೆಗಳಲ್ಲಿ ಕೇಳಿಬರುವ ಮಾತಿದು. ಎರಡು ವರ್ಷ ಐದಾಗುತ್ತದೆ, ಐದು ಹತ್ತಾಗುತ್ತದೆ. ಇದಕ್ಕೆ ಮುಖ್ಯ ಕಾರಣ, ಮನೆಗೆ ಎಷ್ಟು ಹಣ ಬೇಕು ಎಂಬ ಲೆಕ್ಕವನ್ನು ಯಾರೂ ಕೂತು ಬರೆಯದಿರುವುದು. ಈ ಲೆಕ್ಕಕ್ಕೆ ಬೇಕಾಗಿರುವುದು ಗುಣಾಕಾರ, ಶೇಕಡಾ ಮತ್ತು ಚಕ್ರಬಡ್ಡಿ ಮಾತ್ರ. ಪಿಯುಸಿ ವಿದ್ಯಾರ್ಥಿಗಳಾದ ನಾವು ಇದನ್ನು ಮನೆಯವರಿಗೆ ಖಂಡಿತ ಮಾಡಿಕೊಡಬಹುದು.

ಕೈಗೆ ಬರುವ ಹಣ ಎಷ್ಟು?

ಮೊದಲು ಆದಾಯದ ಕಡೆ ನೋಡೋಣ. ಯುಎಇಯ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಮನೆ ಬಾಡಿಗೆ, ಪ್ರಯಾಣದ ಭತ್ಯೆಗಳು ಅದರಲ್ಲಿ ಸೇರುವುದಿಲ್ಲ. ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನ, ನಂತರದ ಪ್ರತಿ ವರ್ಷಕ್ಕೆ 30 ದಿನದ ವೇತನ. ಒಟ್ಟು ಮೊತ್ತ 2 ವರ್ಷದ ವೇತನವನ್ನು ಮೀರುವಂತಿಲ್ಲ.

ಒಬ್ಬರ ಮೂಲ ವೇತನ 2,000 ದಿರ್ಹಮ್, ಸೇವೆ 25 ವರ್ಷ ಎಂದಿಟ್ಟುಕೊಳ್ಳಿ. ಮೊದಲ 5 ವರ್ಷಕ್ಕೆ 105 ದಿನ, ಉಳಿದ 20 ವರ್ಷಕ್ಕೆ 600 ದಿನ, ಒಟ್ಟು 705 ದಿನ. ತಿಂಗಳಿಗೆ 30 ದಿನದಂತೆ ಇದು 47,000 ದಿರ್ಹಮ್ ಆಗುತ್ತದೆ. ಒಂದು ದಿರ್ಹಮಿಗೆ 23 ರೂಪಾಯಿ ಎಂದು ಹಿಡಿದರೆ 10,81,000 ರೂಪಾಯಿ. ಈ ಸಂಖ್ಯೆಯನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಚದರಡಿಯ ಲೆಕ್ಕ

ಕಂಟ್ರಾಕ್ಟರ್ “ಚದರಡಿಗೆ ಇಷ್ಟು” ಎಂದು ಹೇಳುವುದು ಗೋಡೆಗಳನ್ನೂ ಸೇರಿಸಿದ ಅಳತೆಗೆ. ನಾವು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಕೋಣೆಯ ಒಳ ಅಳತೆ. ಇಲ್ಲಿಯೇ ಮೊದಲ ವ್ಯತ್ಯಾಸ ಹುಟ್ಟುತ್ತದೆ. 10 ಅಡಿಗೆ 12 ಅಡಿಯ ಕೋಣೆಯ ಒಳಗೆ 120 ಚದರಡಿ ಇದೆ. ನಾಲ್ಕೂ ಕಡೆ 8 ಇಂಚಿನ ಕೆಂಪುಕಲ್ಲಿನ ಗೋಡೆ ಬಂದಾಗ ಹೊರ ಅಳತೆ ಸುಮಾರು 151 ಚದರಡಿ ಆಗುತ್ತದೆ. ಒಂದೇ ಗೋಡೆಯನ್ನು ಎರಡು ಕೋಣೆಗಳು ಹಂಚಿಕೊಂಡಾಗ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಇಬ್ಬರು ವಯಸ್ಸಾದವರಿಗೆ 800 ಚದರಡಿಯ, ಎರಡು ಮಲಗುವ ಕೋಣೆಗಳ ಒಂದಂತಸ್ತಿನ ಮನೆ ಸಾಕಷ್ಟು ದೊಡ್ಡದು. ಲೆಕ್ಕದ ಅನುಕೂಲಕ್ಕೆ ಚದರಡಿಗೆ 2,200 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಊರಿನ ದರವನ್ನು ಕನಿಷ್ಠ ಮೂವರು ಮೇಸ್ತ್ರಿಗಳಿಂದ ಕೇಳಿ, ಆ ಜಾಗದಲ್ಲಿ ಬರೆದುಕೊಳ್ಳಿ. 800 x 2,200 = 17,60,000 ರೂಪಾಯಿ.

ಆ ದರದಲ್ಲಿ ಸೇರದ ಖರ್ಚು

ಹೆಚ್ಚಿನವರು ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮನೆಯ ಸುತ್ತಲಿನ ಖರ್ಚು ಸಾಮಾನ್ಯವಾಗಿ ಚದರಡಿಯ ದರದಲ್ಲಿ ಸೇರಿರುವುದಿಲ್ಲ. ಉದಾಹರಣೆಗೆ ಹೀಗೆ ಪಟ್ಟಿ ಮಾಡಬಹುದು:

ಬಾವಿ ಅಥವಾ ಬೋರ್‌ವೆಲ್, ಪಂಪು – 1,50,000
ಶೌಚಗುಂಡಿ – 60,000
ಕಾಂಪೌಂಡ್ ಗೋಡೆ, ಗೇಟು – 2,50,000
ವಿದ್ಯುತ್, ನೀರಿನ ಸಂಪರ್ಕ – 40,000
ಅಂಗಳಕ್ಕೆ ಇಂಟರ್‌ಲಾಕ್ – 90,000
ನಕ್ಷೆ, ಪರವಾನಗಿ, ಕಾರ್ಮಿಕ ಸೆಸ್ – 50,000
ಅಡುಗೆಮನೆಯ ಕಪಾಟುಗಳು – 1,20,000

ಒಟ್ಟು 7,60,000 ರೂಪಾಯಿ. ಇದರಲ್ಲಿ ಕಾರ್ಮಿಕ ಸೆಸ್ ಎಂಬುದು ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುವ ಹಣ. ಸ್ವಂತ ವಾಸದ ಮನೆಯಾದರೆ, ನಿರ್ಮಾಣ ವೆಚ್ಚ ಕಾನೂನು ನಿಗದಿಪಡಿಸಿದ ಮಿತಿಯನ್ನು ಮೀರಿದಾಗ ಮಾತ್ರ ಇದನ್ನು ಕಟ್ಟಬೇಕಾಗುತ್ತದೆ. ಜಾಗ ಇಳಿಜಾರಾಗಿದ್ದರೆ ತಡೆಗೋಡೆಯ ಖರ್ಚನ್ನೂ ಪಟ್ಟಿಗೆ ಸೇರಿಸಬೇಕು.

ಈಗ ಮೊತ್ತ 25,20,000. ಕಲ್ಲು, ಮರಳು, ಕಬ್ಬಿಣದ ಬೆಲೆ ಏರಿಳಿತಕ್ಕೆ ಮತ್ತು ಮಧ್ಯದಲ್ಲಿ ಮಾಡುವ ಬದಲಾವಣೆಗಳಿಗೆ ಶೇ. 10, ಅಂದರೆ 2,52,000 ರೂಪಾಯಿ ತೆಗೆದಿಡಬೇಕು. ಅಂತಿಮವಾಗಿ 27,72,000 ರೂಪಾಯಿ. “ಹದಿನೇಳೂವರೆ ಲಕ್ಷದ ಮನೆ” ಎಂದು ಹೊರಟವರಿಗೆ ಕೊರತೆ ಬೀಳುವುದು 10 ಲಕ್ಷಕ್ಕೂ ಹೆಚ್ಚು. 25 ವರ್ಷದ ದುಡಿಮೆಗೆ ಸಿಕ್ಕ ಗ್ರಾಚ್ಯುಟಿಯೂ ಹೆಚ್ಚು ಕಡಿಮೆ ಅಷ್ಟೇ ಎಂಬುದನ್ನು ಗಮನಿಸಿ.

ಕಾಲ ಕಳೆದಂತೆ

ಐದು ವರ್ಷ ಬಿಟ್ಟು ಕಟ್ಟುವುದಾದರೆ? ಬೆಲೆ ವರ್ಷಕ್ಕೆ ಶೇ. 6ರಂತೆ ಏರುತ್ತದೆ ಎಂದು ಊಹಿಸಿದರೆ, 1.06ನ್ನು ಐದು ಬಾರಿ ಗುಣಿಸಿ ಸುಮಾರು 1.338 ಪಡೆಯುತ್ತೇವೆ. ಅದೇ ಮನೆಗೆ ಆಗ ಸುಮಾರು 37 ಲಕ್ಷ ಬೇಕು. ಬಡ್ಡಿಯ ಸಾಲ ಬೇಡವೆಂದು ಹಂತ ಹಂತವಾಗಿ ಕಟ್ಟುವ ಕುಟುಂಬಗಳು ನಮ್ಮಲ್ಲಿ ಅನೇಕ. ಅವರು ಪ್ರತಿ ಹಂತಕ್ಕೂ ಆ ವರ್ಷದ ಬೆಲೆಯನ್ನೇ ಹಾಕಬೇಕು. ಇನ್ನೊಂದು ಎಚ್ಚರ: ದಕ್ಷಿಣ ಕನ್ನಡ, ಉಡುಪಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅರ್ಧ ಕಟ್ಟಿದ ಗೋಡೆಯನ್ನು, ಹೊರಗೆ ಚಾಚಿದ ಕಬ್ಬಿಣವನ್ನು ಮಳೆಗೆ ಬಿಟ್ಟರೆ ಮುಂದಿನ ವರ್ಷ ರಿಪೇರಿಯಿಂದಲೇ ಕೆಲಸ ಶುರು ಮಾಡಬೇಕಾಗುತ್ತದೆ. ಆದ್ದರಿಂದ ಪಂಚಾಂಗ ಮುಗಿಸಿ ನಿಲ್ಲಿಸಿ, ಅಥವಾ ಸ್ಲ್ಯಾಬ್ ಹಾಕಿ ನಿಲ್ಲಿಸಿ. ನಡುವೆ ನಿಲ್ಲಿಸಬೇಡಿ.

ವಯಸ್ಸಾದವರ ಮನೆ ಎಂದರೆ

ನಿವೃತ್ತಿಯ ಮನೆ ಕಟ್ಟುವುದು ಅರವತ್ತರ ವಯಸ್ಸಿಗೆ, ಅದರಲ್ಲಿ ಬಾಳುವುದು ಎಂಬತ್ತರವರೆಗೆ. ಮೆಟ್ಟಿಲಿನ ಬದಲು ಇಳಿಜಾರು ದಾರಿ ಬೇಕೆಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಪಂಚಾಂಗ 2 ಅಡಿ ಎತ್ತರವಿದ್ದರೆ ಇಳಿಜಾರು 24 ಅಡಿ! ಇದಕ್ಕೆ ಅಂಗಳದಲ್ಲಿ ಜಾಗವನ್ನು ನಕ್ಷೆಯಲ್ಲಿಯೇ ಬಿಡಬೇಕು. ಬಾಗಿಲು 3 ಅಡಿ ಅಗಲ, ಗಾಲಿಕುರ್ಚಿ ತಿರುಗಲು 5 ಅಡಿ ಸುತ್ತಳತೆಯಲ್ಲ, 5 ಅಡಿ ವ್ಯಾಸದ ಜಾಗ, ಬಚ್ಚಲಿಗೆ ಜಾರದ ಟೈಲ್ಸ್, ಕಮೋಡಿನ ಪಕ್ಕ ಹಿಡಿಕೆ. ವುಝೂ ಮಾಡುವ ನಲ್ಲಿಯ ಬಳಿ ಕೂರಲು ಒಂದು ಕಟ್ಟೆ ಇದ್ದರೆ ಮೊಣಕಾಲು ನೋವಿನವರಿಗೆ ದೊಡ್ಡ ಉಪಕಾರ. ಕಟ್ಟುವಾಗಲೇ ಮಾಡಿದರೆ ಇವುಗಳ ಖರ್ಚು ಅಲ್ಪ. ಗೋಡೆ ಒಡೆದು ಮಾಡಿದರೆ ಹಲವು ಪಟ್ಟು.

ಇದಕ್ಕೆ ವಿರುದ್ಧವಾಗಿ, ಮಹಡಿಯ ಮೇಲಿನ ಮೂರು ಕೋಣೆಗಳು ಮಕ್ಕಳು ರಜೆಗೆ ಬರುವ ಹದಿನೈದು ದಿನಗಳಿಗಾಗಿ ಕಟ್ಟಿದಂಥವು. ಉಳಿದ ದಿನಗಳಲ್ಲಿ ಬೀಗ. ಗುಡಿಸುವುದಕ್ಕೂ ಮೇಲೆ ಹತ್ತಲಾಗದ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟಿಲ್ಲ?

ಕೊನೆಯ ಸಾಲು

ಲೆಕ್ಕದ ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಬರೆಯಿರಿ: ಮನೆ ಮುಗಿದ ಮರುದಿನ ಕೈಯಲ್ಲಿ ಎಷ್ಟು ಉಳಿಯುತ್ತದೆ? ಗಲ್ಫ್‌ನ ದುಡಿಮೆಗೆ ತಿಂಗಳ ಪಿಂಚಣಿ ಇಲ್ಲ. ಔಷಧ, ದಿನಸಿ, ವಿದ್ಯುತ್ ಬಿಲ್ಲು ಮನೆಯ ಗೋಡೆಯಿಂದ ಹುಟ್ಟುವುದಿಲ್ಲ. ಆದ್ದರಿಂದ ಮೊದಲು ಬದುಕಿನ ಖರ್ಚಿಗೆ ಹಣ ತೆಗೆದಿಟ್ಟು, ಉಳಿದ ಹಣಕ್ಕೆ ಹೊಂದುವಷ್ಟು ಮನೆಯ ನಕ್ಷೆ ಬರೆಸಬೇಕು. ಉಳಿದದ್ದು 800 ಚದರಡಿಗೆ ಸಾಲದಿದ್ದರೆ 600 ಚದರಡಿ ಕಟ್ಟೋಣ. ಚಿಕ್ಕ ಮನೆಯಲ್ಲಿ ನೆಮ್ಮದಿಯಾಗಿ ಇರಬಹುದು; ದೊಡ್ಡ ಮನೆ ಕಟ್ಟಿದ ಕಾರಣಕ್ಕೆ ಅರವತ್ತೆರಡರಲ್ಲಿ ಮತ್ತೆ ವೀಸಾ ಹುಡುಕುವುದು ಯಾರಿಗೂ ಬೇಡ. ಮುಂದಿನ ಬಾರಿ ಫೋನ್ ಬಂದಾಗ ಈ ಹಾಳೆಯನ್ನು ಮುಂದಿಟ್ಟುಕೊಂಡು ಅಬ್ಬನ ಜೊತೆ ಹತ್ತು ನಿಮಿಷ ಮಾತಾಡಿ.