ಹೊರಡಲೊಲ್ಲದ ಲಾರಿ

ಮೊಳಕಾಲ್ಮೂರಿನ ಕಡೆಯಿಂದ ಶೇಂಗಾ ತುಂಬಿಕೊಂಡು, ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯ ಮಾರುಕಟ್ಟೆಗೆ ಹೊರಟ ಲಾರಿಯೊಂದರಲ್ಲಿ ನಾವು ಒಮ್ಮೆ ಪ್ರಯಾಣ ಮಾಡಿದುದುಂಟು. ಮುಂಜಾನೆ ಕೀಲಿ ತಿರುಗಿಸಿದೊಡನೆ ಎದ್ದ ಎಂಜಿನು, ದಾರಿಯಲ್ಲಿ ಚಹಾಕ್ಕೆಂದು ನಿಲ್ಲಿಸಿದ ಮೇಲೆ 'ಟಕ್' ಎಂದು ಸುಮ್ಮನಾಯಿತು. ಗಂಟೆ ಕಳೆದ ಬಳಿಕ ಏನೂ ಆಗದಂತೆ ಮತ್ತೆ ಎದ್ದಿತು. ಅಷ್ಟರಲ್ಲಿ ಹರಾಜಿನ ಹೊತ್ತು ಮೀರಿತ್ತು. ಹಿಂದಿನ ತಿಂಗಳೇ ಎರಡು ಬ್ಯಾಟರಿಗಳನ್ನೂ ಹೊಸದಾಗಿ ಹಾಕಿಸಿದ್ದರಂತೆ. ಹಣ ಹೋಯಿತು, ರೋಗ ಉಳಿಯಿತು. ತರಗತಿಯಲ್ಲಿ ಓಮನ ನಿಯಮವನ್ನು ಬೋಧಿಸುವ ನಮಗೂ ಅಲ್ಲಿ ಬಾಯಿ ಬರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಬಂದು ಹೋಗುವ ಇಂಥ ದೋಷವನ್ನು ಅದು ಇರುವಾಗಲೇ ಹಿಡಿಯಬೇಕು. 12 ವೋಲ್ಟಿನ ಎರಡು ಬ್ಯಾಟರಿಗಳು ಸರಣಿಯಾಗಿ ಸೇರಿ ಲಾರಿಗೆ 24 ವೋಲ್ಟುಗಳನ್ನು ಕೊಡುತ್ತವೆ. ಸ್ಟಾರ್ಟರಾದರೋ ನೂರಾರು ಆಂಪಿಯರು ಪ್ರವಾಹವನ್ನು ಬೇಡುವುದು. ಕಿಲುಬು ಹತ್ತಿದ ಕೊಂಡಿಯೂ ಸಡಿಲಾದ ಅರ್ತ್ ತಂತಿಯೂ ದೀಪಕ್ಕೆ ಸಾಕಾದಷ್ಟನ್ನು ಬಿಟ್ಟಾವು. ಸ್ಟಾರ್ಟರಿಗೆ ಬೇಕಾದಷ್ಟನ್ನು ಬಿಡವು. ಬಿಸಿಯೇರಿದಂತೆ ತಡೆ ಇನ್ನೂ ಹೆಚ್ಚುವುದು.

ಆದುದರಿಂದ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ವೋಲ್ಟ್‌ಮಾಪಕದ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕೊಂಡಿಗೂ ಇನ್ನೊಂದನ್ನು ಎಂಜಿನಿನ ಬರಿಯ ಲೋಹಕ್ಕೂ ಒತ್ತಿ, ಮತ್ತೊಬ್ಬರಿಂದ ಕೀಲಿ ತಿರುಗಿಸಿ ನೋಡಬೇಕು. ಮುಳ್ಳು 1 ವೋಲ್ಟನ್ನು ಮೀರಿದರೆ ದೋಷವು ಅರ್ತ್ ದಾರಿಯಲ್ಲಿದೆ. ಮೀರದಿದ್ದರೆ ಧನ ತಂತಿಯನ್ನೂ ಹೀಗೆಯೇ ಅಳೆದು, ಅನಂತರವೇ ಸ್ಟಾರ್ಟರನ್ನು ಶಂಕಿಸತಕ್ಕದ್ದು.

ಚಳ್ಳಕೆರೆಯಲ್ಲಿ ಮಿಸ್ತ್ರಿಯೊಬ್ಬರು ಎಂಜಿನು ಬಿಸಿಯಾಗಿರುವಾಗಲೇ ಹೀಗೆ ಅಳೆದರು. ಮುಳ್ಳು 8ಕ್ಕೆ ಹಾರಿತು! ಅರ್ತ್ ತಂತಿಯ ಬುಡವನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದುದಕ್ಕೆ ಅವರು ಪಡೆದುದು ಒಂದು ಲೋಟ ಚಹಾ ಮಾತ್ರ.