ಸೊಕ್ಕಾನ ಬಲೂನು

ಅವತಾರ್ ಎಂದ ಕೂಡಲೇ ನೀಲಿ ಮೈಯ, ಉದ್ದ ಬಾಲದ ಜನರ ಸಿನಿಮಾ ನೆನಪಾಗುವವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಬರೆಯುತ್ತಿರುವುದು ಅದರ ಬಗ್ಗೆ ಅಲ್ಲ. ಆ ಸಿನಿಮಾ ಬಂದದ್ದು 2009ರಲ್ಲಿ. ಅದಕ್ಕೂ ಮೊದಲೇ, 2005ರ ಫೆಬ್ರುವರಿಯಲ್ಲಿ, ಅಮೆರಿಕದ ನಿಕಲೋಡಿಯನ್ ಚಾನೆಲ್‌ನಲ್ಲಿ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬ ಅನಿಮೇಷನ್ ಸರಣಿ ಶುರುವಾಗಿತ್ತು. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಎಂಬ ಇಬ್ಬರು ಗೆಳೆಯರು ಹುಟ್ಟುಹಾಕಿದ ಕಥೆ. ಮೂರು ಸೀಸನ್, 61 ಕಂತು, 2008ರ ಜುಲೈನಲ್ಲಿ ಮುಕ್ತಾಯ. ಸರಣಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಪಂಚಭೂತಗಳಲ್ಲಿ ಆಕಾಶವೊಂದನ್ನು ಬಿಟ್ಟು ಉಳಿದ ನಾಲ್ಕರ ಹೆಸರಲ್ಲಿ ಅಲ್ಲಿ ನಾಲ್ಕು ನಾಡುಗಳಿವೆ. ಆಯಾ ನಾಡಿನ ಕೆಲವರಿಗೆ ನೀರನ್ನೋ ಮಣ್ಣನ್ನೋ ಬೆಂಕಿಯನ್ನೋ ಗಾಳಿಯನ್ನೋ ಕೈಸನ್ನೆಯಲ್ಲೇ ಆಡಿಸುವ ಶಕ್ತಿ ಹುಟ್ಟಿನಿಂದ ಬಂದಿರುತ್ತದೆ. ಅದಕ್ಕೆ ‘ಬೆಂಡಿಂಗ್’ ಎನ್ನುತ್ತಾರೆ. (ಮೆಕ್ಯಾನಿಕಲ್ ಓದುವ ನನಗೆ ಬೆಂಡಿಂಗ್ ಎಂದರೆ ಮೊದಲು ಕಣ್ಣಮುಂದೆ ಬರುವುದು ಬಾಗಿದ ತೊಲೆ, ಅದರ ಕೆಳಗೊಂದು ಎಂಟು ಅಂಕದ ಪ್ರಶ್ನೆ.) ಬೆಂಕಿಯ ನಾಡು ನೂರು ವರ್ಷಗಳಿಂದ ಉಳಿದವರ ಮೇಲೆ ಯುದ್ಧ ಹೂಡಿದೆ. ನಾಲ್ಕನ್ನೂ ಆಳಬಲ್ಲ ಒಬ್ಬನೇ ಒಬ್ಬ, ಅವತಾರ. ಅವನೇ ಆಂಗ್ ಎಂಬ ಹನ್ನೆರಡರ ಬೋಳುತಲೆಯ ಹುಡುಗ, ನೂರು ವರ್ಷ ಹಿಮಗಡ್ಡೆಯೊಳಗೆ ನಿದ್ದೆ ಹೋಗಿ ಎದ್ದವನು. ಅವನ ಸವಾರಿಗೆ ಆರು ಕಾಲಿನ ಹಾರುವ ಕಾಡೆಮ್ಮೆಯಿದೆ, ಹೆಸರು ‘ಆಪ್ಪಾ’. ಕನ್ನಡದ ಕಿವಿಗೆ ಇದು ಕೊಡುವ ಮಜಾನೇ ಬೇರೆ. ಹುಡುಗ ಕಷ್ಟದಲ್ಲಿ ಸಿಕ್ಕಿ “ಆಪ್ಪಾ!” ಎಂದು ಕೂಗಿದಾಗೆಲ್ಲ ನನ್ನ ಅಜ್ಜಿ ಒಳಗಿಂದ, “ಪಾಪ, ಯಾರ ಮಗುವೋ” ಎನ್ನುತ್ತಿದ್ದರು.

ಈ ಸರಣಿ ನೋಡಿದವರನ್ನು ನಿಮ್ಮ ಇಷ್ಟದ ಪಾತ್ರ ಯಾವುದು ಎಂದು ಕೇಳಿ. ಹೆಚ್ಚಿನವರು ಜುಕೊ ಎನ್ನುತ್ತಾರೆ. ಮುಖದ ಮೇಲೆ ಅಪ್ಪನೇ ಸುಟ್ಟ ಗಾಯ ಹೊತ್ತ ಬೆಂಕಿ ನಾಡಿನ ರಾಜಕುಮಾರ, ಒಳಗೊಳಗೇ ಬೇಯುತ್ತ ಕೊನೆಗೆ ಪಕ್ಷ ಬದಲಿಸುವವನು. ಇಲ್ಲವೇ ಅವನ ದೊಡ್ಡಪ್ಪ ಐರೋ, ಚಹಾ ಕುಡಿಯುತ್ತ ಮಗ ಸತ್ತ ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡ ಮುದುಕ. ಅವನಿಗೆ ದನಿ ಕೊಟ್ಟ ನಟ ಮಾಕೊ 2006ರಲ್ಲಿ, ಸರಣಿ ನಡೆಯುತ್ತಿರುವಾಗಲೇ ತೀರಿಕೊಂಡರು. ಇನ್ನು ಕೆಲವರಿಗೆ ಟಾಫ್. ಹುಟ್ಟುಕುರುಡಿ, ಬರಿಗಾಲಲ್ಲಿ ನೆಲದ ಕಂಪನ ಓದಿ ಸುತ್ತಲಿನದನ್ನೆಲ್ಲ ‘ನೋಡುವ’ ಹನ್ನೆರಡರ ಹುಡುಗಿ. ಕಬ್ಬಿಣದ ಪೆಟ್ಟಿಗೆಯಲ್ಲಿ ಕೂಡಿಹಾಕಿದಾಗ ಅವಳು ಅದರ ಗೋಡೆ ತಟ್ಟಿ ತಟ್ಟಿ, ಲೋಹವೆಂದರೆ ಶುದ್ಧಿ ಮಾಡಿದ ಮಣ್ಣೇ, ಅದರಲ್ಲಿ ಮಣ್ಣಿನ ಚೂರು ಉಳಿದೇ ಇರುತ್ತದೆ ಎಂದು ಕಂಡುಕೊಂಡು ಪೆಟ್ಟಿಗೆಯನ್ನೇ ಹರಿದು ಬರುತ್ತಾಳೆ. ಲೋಹಶಾಸ್ತ್ರದ ಮೊದಲ ಪಾಠವನ್ನು ಇಷ್ಟು ಚೆನ್ನಾಗಿ ಯಾರೂ ಮಾಡಿಲ್ಲ.

ನನ್ನ ಮತ ಮಾತ್ರ ಸೊಕ್ಕಾನಿಗೆ.

ದಕ್ಷಿಣ ಧ್ರುವದ ಒಂದು ಸಣ್ಣ ಹಳ್ಳಿಯ ಹದಿನೈದರ ಹುಡುಗ. ತಂಗಿ ಕಟಾರಾಗೆ ನೀರಿನ ಶಕ್ತಿಯಿದೆ, ಇವನಿಗೆ ಏನೂ ಇಲ್ಲ. ಊರಿನ ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಕಾವಲಿಗೆ ಉಳಿದವನು ಇವನೊಬ್ಬ. ಮೊದಮೊದಲು ಹೆಸರಿಗೆ ತಕ್ಕ ಹಾಗೆ ಸೊಕ್ಕು. ಹುಡುಗಿಯರು ಯುದ್ಧ ಮಾಡುವುದುಂಟೇ ಎಂದು ನಗುತ್ತಾನೆ. ಕಿಯೋಶಿ ದ್ವೀಪದಲ್ಲಿ ಸುಕಿ ಎಂಬ ಹುಡುಗಿ ಬೀಸಣಿಗೆ ಹಿಡಿದು ಅವನನ್ನು ನೆಲಕ್ಕೆ ಉರುಳಿಸುತ್ತಾಳೆ. ಅವನು ಮಂಡಿಯೂರಿ ಕೂತು, ನನಗೂ ಕಲಿಸು ಎನ್ನುತ್ತಾನೆ, ಅವಳ ಹಾಗೆಯೇ ಲಂಗ ತೊಟ್ಟು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾನೆ. ಅದು ನಾಲ್ಕನೆಯ ಕಂತು. ಇಂಥ ಕಥೆಗಳಲ್ಲಿ ಶಕ್ತಿಯಿಲ್ಲದ ಗೆಳೆಯ ಕೊನೆತನಕ ಜೋಕರ್ ಆಗಿಯೇ ಉಳಿಯುವುದು ರೂಢಿ. ಸೊಕ್ಕಾ ಜೋಕ್ ಬಿಡುವುದಿಲ್ಲ, ಆದರೆ ಜೊತೆಗೆ ‘ಇದು ಹೇಗೆ ಕೆಲಸ ಮಾಡುತ್ತದೆ’ ಎಂದು ಕೇಳಲು ಶುರುಮಾಡುತ್ತಾನೆ. ಗುಂಪಿನಲ್ಲಿ ಉಳಿದವರಿಗೆ ಆ ಪ್ರಶ್ನೆ ಬೇಕಾಗಿಯೇ ಇಲ್ಲ, ಕೈ ಬೀಸಿದರೆ ಬಂಡೆ ಏಳುತ್ತದಲ್ಲ!

ಒಂದು ಊರಲ್ಲಿ ಎಲ್ಲರೂ ಭವಿಷ್ಯ ಹೇಳುವ ಹೆಂಗಸಿನ ಮಾತು ಕೇಳಿಯೇ ಬದುಕುತ್ತಿರುತ್ತಾರೆ. ಒಬ್ಬನಿಗೆ, ನೀನು ಕೆಂಪು ಬೂಟು ಹಾಕಿದ ದಿನ ನಿನ್ನ ಪ್ರೇಮಿ ಸಿಗುತ್ತಾಳೆ ಎಂದು ಆಕೆ ಹೇಳಿದ್ದಾಳೆ. ಅಂದಿನಿಂದ ಎಷ್ಟು ದಿನ ಈ ಬೂಟು ಹಾಕಿದ್ದೀಯ ಎಂದು ಸೊಕ್ಕಾ ಕೇಳಿದರೆ, ಪ್ರತಿದಿನ! ಅವನು ತಲೆ ಚಚ್ಚಿಕೊಳ್ಳುವುದನ್ನು ನೋಡುವಾಗ ನಮ್ಮ ಟಿ.ವಿ.ಗಳ ಬೆಳಗಿನ ಕಾರ್ಯಕ್ರಮಗಳು ನೆನಪಾಗದೆ ಇರುವುದಿಲ್ಲ. ಆ ಊರಿನ ಜ್ವಾಲಾಮುಖಿ ಉಕ್ಕಲು ಬಂದಾಗ, ಲಾವಾ ಹರಿದುಹೋಗಲು ಕಾಲುವೆ ತೋಡುವ ಉಪಾಯ ಅವನದು.

ಎರಡನೆಯ ಸೀಸನ್‌ನ ‘ದಿ ಡ್ರಿಲ್’ ಕಂತನ್ನು ನಮ್ಮ ತರಗತಿಗಳಲ್ಲಿ ತೋರಿಸಬೇಕು. ಬಾ ಸಿಂಗ್ ಸೇ ನಗರದ ಗೋಡೆ ಕೊರೆಯಲು ಬೆಂಕಿ ನಾಡು ಬೆಟ್ಟದಂಥ ಡ್ರಿಲ್ ತಂದಿದೆ. ಹೊರಗಿನಿಂದ ಎಷ್ಟು ಕಲ್ಲೆಸೆದರೂ ಗೀರೂ ಬೀಳುವುದಿಲ್ಲ. ಸೊಕ್ಕಾ ಒಳಹೊಕ್ಕು, ಅಲ್ಲಿನ ಎಂಜಿನಿಯರನ ಕೈಯಿಂದ ನಕ್ಷೆ ಕಿತ್ತು, ಒಳಗಿನ ಆಧಾರದ ತೊಲೆಗಳನ್ನು ಹುಡುಕುತ್ತಾನೆ. ಒಂದನ್ನು ಪೂರ್ತಿ ಕತ್ತರಿಸುವಷ್ಟರಲ್ಲಿ ಎಲ್ಲರೂ ಸುಸ್ತು. ಹಾಗಾಗಿ ಪ್ರತಿಯೊಂದನ್ನೂ ಅರ್ಧ ಕತ್ತರಿಸಿ ಬಿಟ್ಟು, ಕೊನೆಗೆ ಮೇಲಿನಿಂದ ಒಂದೇ ಏಟು ಕೊಡುವುದೆಂದು ತೀರ್ಮಾನವಾಗುತ್ತದೆ. ಲೆಕ್ಕ ಹಾಕಿ ನೋಡಿ. ಆಯತಾಕಾರದ ತೊಲೆಯ ಆಳ ಅರ್ಧವಾದರೆ ಅದು ತಡೆಯುವ ಬೆಂಡಿಂಗ್ ಮೊಮೆಂಟ್ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಇಷ್ಟೇ ಆಗಿದ್ದರೆ ಸೊಕ್ಕಾ ಒಬ್ಬ ಜಾಣ ಹುಡುಗ ಎಂದು ಹೇಳಿ ಮುಗಿಸಬಹುದಿತ್ತು. ನನ್ನನ್ನು ಹಿಡಿದಿಟ್ಟಿರುವುದು ಮೊದಲ ಸೀಸನ್‌ನ ಹದಿನೇಳನೆಯ ಕಂತು ಮತ್ತು ಅದರ ಬಾಲ.

ಉತ್ತರದ ಗಾಳಿ ದೇಗುಲದಲ್ಲಿ ಈಗ ಬೇರೆ ಜನ ಇದ್ದಾರೆ. ಪ್ರವಾಹದಲ್ಲಿ ಊರು ಕಳೆದುಕೊಂಡು ಬೆಟ್ಟ ಹತ್ತಿದ ನಿರಾಶ್ರಿತರು. ಅವರ ಮುಖಂಡನಿಗೆ ಸರಣಿಯಲ್ಲಿ ಹೆಸರೇ ಇಲ್ಲ, ಎಲ್ಲರೂ ಅವನನ್ನು ಮೆಕ್ಯಾನಿಸ್ಟ್ ಎನ್ನುತ್ತಾರೆ, ಕಸುಬೇ ಹೆಸರು. ಆ ಪ್ರವಾಹದಲ್ಲೇ ಅವನ ಹೆಂಡತಿ ಸತ್ತಳು, ಮಗ ಟಿಯೊ ನಡೆಯಲಾಗದಂತಾದ. ಮಗನಿಗಾಗಿ ಅವನು ಹಾರುವ ಗಾಲಿಕುರ್ಚಿ ಕಟ್ಟಿದ್ದಾನೆ. ಅವನಿಗೂ ಸೊಕ್ಕಾನಿಗೂ ಕ್ಷಣದಲ್ಲಿ ಗೆಳೆತನ. ನೆಲಮಾಳಿಗೆಯಲ್ಲಿ ಎಲ್ಲೆಲ್ಲೋ ಅನಿಲ ಸೋರುತ್ತಿದೆ, ಅದಕ್ಕೆ ವಾಸನೆಯಿಲ್ಲ. ಕೊಳೆತ ಮೊಟ್ಟೆಯ ನಾತವನ್ನು ಅನಿಲದೊಂದಿಗೆ ಬೆರೆಸಿದರೆ ಸೋರುವ ಜಾಗ ಮೂಗಿಗೇ ಸಿಗುತ್ತದಲ್ಲ ಎನ್ನುತ್ತಾನೆ ಸೊಕ್ಕಾ. ನಮ್ಮ ಅಡುಗೆಮನೆಯ ಸಿಲಿಂಡರಿನ ವಾಸನೆಯೂ ಹೀಗೆ ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟನ್‌ನದು. ಅನಿಲಕ್ಕೆ ವಾಸನೆ ಬೆರೆಸುವ ಕಾನೂನು ಟೆಕ್ಸಾಸ್‌ನಲ್ಲಿ ಬಂದದ್ದು 1937ರಲ್ಲಿ, ನ್ಯೂ ಲಂಡನ್ ಎಂಬ ಊರಿನ ಶಾಲೆಯೊಂದು ಸೋರಿದ ಅನಿಲ ಸಿಡಿದು ಕುಸಿದು, ಸುಮಾರು ಮುನ್ನೂರು ಜನ, ಬಹುಪಾಲು ಮಕ್ಕಳು, ಸತ್ತ ಮೇಲೆ.

ಮೆಕ್ಯಾನಿಸ್ಟನ ಬಳಿ ಒಂದು ಬಿಸಿಗಾಳಿ ಬಲೂನೂ ಇದೆ. ಏರುತ್ತದೆ, ಇಳಿಸುವುದು ಹೇಗೆಂದು ಗೊತ್ತಿಲ್ಲ. ಸೊಕ್ಕಾ ಸಲೀಸಾಗಿ ಹೇಳುತ್ತಾನೆ, ನೆತ್ತಿಗೊಂದು ಮುಚ್ಚಳ ಇಡು, ಬಿಸಿಗಾಳಿ ಬೇಕಾದಾಗ ಬಿಟ್ಟರಾಯಿತು. ಇಂದಿನ ಬಲೂನುಗಳೂ ನೆತ್ತಿಯ ಕಿಂಡಿ ತೆರೆದೇ ಇಳಿಯುತ್ತವೆ.

ಆಮೇಲೆ ಗುಟ್ಟು ಹೊರಬೀಳುತ್ತದೆ. ಮೆಕ್ಯಾನಿಸ್ಟ್ ವರ್ಷಗಳಿಂದ ಬೆಂಕಿ ನಾಡಿಗೇ ಆಯುಧ ಮಾಡಿಕೊಡುತ್ತಿದ್ದಾನೆ! ಮಾಡದಿದ್ದರೆ ದೇಗುಲವನ್ನೇ ಸುಡುತ್ತೇವೆ ಎಂದು ಅವರು ಬೆದರಿಸಿದ್ದರು. ಮಗನ ಎದುರು ತಲೆತಗ್ಗಿಸಿ ನಿಂತ ಅವನನ್ನು ಕೆಟ್ಟವನು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನು ಇನ್ನು ಕೊಡುವುದಿಲ್ಲ ಎಂದಾಗ ಯುದ್ಧವೇ ಬರುತ್ತದೆ. ಬಲೂನಿನಿಂದ ಉರಿಯುವ ಒಲೆಯನ್ನೇ ಅನಿಲದ ಬಿರುಕಿಗೆ ಎಸೆದು ಗೆಲ್ಲುತ್ತಾರೆ. ಒಲೆಯಿಲ್ಲದ ಬಲೂನು ಎಲ್ಲೋ ಬೀಳುತ್ತದೆ. ಕಂತಿನ ಕೊನೆಗೆ ಬೆಂಕಿ ನಾಡಿನ ಯುದ್ಧಮಂತ್ರಿಯ ಕಣ್ಣು ಅದರ ಮೇಲೆ ಬೀಳುತ್ತದೆ. ಅಷ್ಟೇ. ಮೊದಲ ಸಲ ನೋಡುವಾಗ ಅದನ್ನು ಯಾರೂ ಗಮನಿಸುವುದಿಲ್ಲ.

ಮಧ್ಯದಲ್ಲೊಂದು ಗ್ರಂಥಾಲಯ ಬರುತ್ತದೆ, ಮರಳಲ್ಲಿ ಹೂತದ್ದು, ಕಾವಲಿಗೆ ದೈತ್ಯ ಗೂಬೆ. ಮನುಷ್ಯರು ಇಲ್ಲಿಗೆ ಬರುವುದು ಶತ್ರುವನ್ನು ಸೋಲಿಸಲಿಕ್ಕೇ ಎಂದು ಅದು ಬೇಸತ್ತಿದೆ. ಹಾಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟು ಒಳಹೊಕ್ಕ ಸೊಕ್ಕಾ, ಮುಂದಿನ ಸೂರ್ಯಗ್ರಹಣ ಯಾವತ್ತು, ಬೆಂಕಿಯವರು ಶಕ್ತಿಹೀನರಾಗುವುದು ಯಾವತ್ತು ಎಂದು ಹುಡುಕಿಕೊಂಡೇ ಹೊರಬರುತ್ತಾನೆ. ಗೂಬೆ ಸಿಟ್ಟಿನಲ್ಲಿ ಗ್ರಂಥಾಲಯವನ್ನೇ ಮುಳುಗಿಸುತ್ತದೆ. ಒಳಗಿರುವ ಗೆಳೆಯರಿಗಾಗಿ ಅದನ್ನು ಹಿಡಿದು ನಿಲ್ಲಿಸಿದ ಟಾಫ್, ಕಳ್ಳರು ಆಪ್ಪಾನನ್ನು ಎಳೆದೊಯ್ಯುವುದನ್ನು ತಡೆಯಲಾಗುವುದಿಲ್ಲ.

ಗ್ರಹಣದ ದಿನದ ದಾಳಿ ಸೊಕ್ಕಾನ ಯೋಜನೆ. ಅವನ ಉಪಾಯ, ಮೆಕ್ಯಾನಿಸ್ಟನ ಕೈ ಸೇರಿ ಜಲಾಂತರ್ಗಾಮಿಗಳೂ ಸಿದ್ಧವಾಗಿವೆ. (ಗ್ರಹಣ ಎಂಟು ನಿಮಿಷವಂತೆ. ನಮ್ಮ ಭೂಮಿಯ ಮೇಲೆ ಪೂರ್ಣ ಗ್ರಹಣ ಏಳೂವರೆ ನಿಮಿಷಕ್ಕಿಂತ ಹೆಚ್ಚು ಎಳೆಯುವುದಿಲ್ಲ, ಆದರೆ ಅವರ ಚಂದ್ರ ಬೇರೆ ಇರಬಹುದು.) ಶತ್ರುವಿಗೆ ಮೊದಲೇ ಸುದ್ದಿ ಹೋಗಿ ದಾಳಿ ಸೋಲುತ್ತದೆ. ಸೂರ್ಯ ಮತ್ತೆ ಹೊಳೆದಾಗ ಆಕಾಶದಲ್ಲಿ ಸಾಲುಸಾಲಾಗಿ ಏರುತ್ತವೆ ಬೆಂಕಿ ನಾಡಿನ ವಾಯುನೌಕೆಗಳು. ಅದೇ ಬಲೂನಿನ ಮರಿಮಕ್ಕಳು. ತನ್ನ ಕೂಸನ್ನು ಗುರುತು ಹಿಡಿದ ಮೆಕ್ಯಾನಿಸ್ಟನ ಮುಖ ನೋಡಬೇಕು. ಸೊಕ್ಕಾನ ಪಾಲೂ ಅದರಲ್ಲಿದೆ, ಇಳಿಸಲಾಗದ ಬಲೂನಿನಿಂದ ಯಾರ ನೌಕಾಪಡೆಯೂ ಆಗುತ್ತಿರಲಿಲ್ಲ.

ಇಲ್ಲಿಗೆ ಬಂದಾಗಲೆಲ್ಲ ನಾನು ವಿಡಿಯೊ ನಿಲ್ಲಿಸಿ ಕೂರುತ್ತೇನೆ. ನಮಗೆ ‘ಸಾರ್ವತ್ರಿಕ ಮಾನವ ಮೌಲ್ಯಗಳು’ ಎಂಬ ಒಂದು ಕ್ರೆಡಿಟ್‌ನ ವಿಷಯ ಇದೆ, ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕು. ಸಂಜೆ ನಮ್ಮ ಗುಂಪು ಡ್ರೋನ್ ಕಟ್ಟುತ್ತದೆ, ಅಡಿಕೆ ತೋಟಕ್ಕೆ ಔಷಧಿ ಸಿಂಪಡಿಸಲು. ಎಷ್ಟು ಕಿಲೊ ಎತ್ತುತ್ತದೆ, ಎಷ್ಟು ನಿಮಿಷ ನಿಲ್ಲುತ್ತದೆ ಎಂಬುದೇ ನಮ್ಮ ಮಾತು. ಎತ್ತುವುದು ಏನನ್ನು ಎಂದು ಡ್ರೋನ್ ಕೇಳುವುದಿಲ್ಲ. ಹಾಗೆಂದು ಕಟ್ಟುವುದನ್ನೇ ಬಿಡಬೇಕೆ? ಸೊಕ್ಕಾ ಬಿಡುವುದಿಲ್ಲ, ಮೆಕ್ಯಾನಿಸ್ಟನೂ ಬಿಡುವುದಿಲ್ಲ. ಸರಣಿ ಇದಕ್ಕೆ ಉತ್ತರ ಕೊಡುವ ಬದಲು ಸೊಕ್ಕಾನನ್ನು ಆ ನೌಕೆಗಳ ಮೇಲೆಯೇ ಹತ್ತಿಸುತ್ತದೆ.

ಕೊನೆಯ ಕಂತುಗಳಲ್ಲಿ ನೌಕೆಗಳು ಮಣ್ಣಿನ ನಾಡನ್ನು ಪೂರ್ತಿ ಸುಡಲು ಹೊರಟಿವೆ. ಆಂಗ್ ಅತ್ತ ಬೆಂಕಿಯ ದೊರೆಯೊಡನೆ ಕಾದಾಡುತ್ತಿದ್ದಾನೆ, ಎಲ್ಲರ ಕಣ್ಣು ಅಲ್ಲೇ. ಇತ್ತ ಸೊಕ್ಕಾ, ಸುಕಿ, ಟಾಫ್ ಒಂದು ನೌಕೆ ಹಿಡಿಯುತ್ತಾರೆ. ಯಾರದೋ ಹುಟ್ಟುಹಬ್ಬ, ಎಲ್ಲರೂ ಬಾಂಬ್ ಕೋಣೆಗೆ ಬನ್ನಿ, ಕೇಕ್ ಇದೆ ಎಂದು ಕೊಳವೆಯಲ್ಲಿ ಕೂಗಿ, ಬಂದವರನ್ನೆಲ್ಲ ಕೆಳಗಿನ ನೀರಿಗೆ ಉದುರಿಸುತ್ತಾನೆ. ನಂತರ ನೌಕೆಯನ್ನು ಅಡ್ಡ ತಿರುಗಿಸಿ ಉಳಿದವುಗಳನ್ನು ಸೀಳುತ್ತ ಹೋಗುತ್ತಾನೆ. ಕಾಲು ಮುರಿಯುತ್ತದೆ. ಒಂದು ಕೈಯಲ್ಲಿ ಕೆಳಕ್ಕೆ ಜೋತಾಡುವ ಟಾಫ್, ಎರಡೂ ಕಡೆಯಿಂದ ಸೈನಿಕರು. ಅಪ್ಪ ಕೊಟ್ಟಿದ್ದ ಬೂಮರಾಂಗ್ ಒಂದು ಕಡೆಗೆ, ಉಲ್ಕೆಯ ಲೋಹದಿಂದ ತಾನೇ ಕಾಯಿಸಿ ಬಡಿದು ಮಾಡಿದ ಕತ್ತಿ ಇನ್ನೊಂದು ಕಡೆಗೆ. ಈ ಸಲ ಎರಡೂ ವಾಪಸ್ ಬರುವುದಿಲ್ಲ.

ಯುದ್ಧ ಮುಗಿದ ಮೇಲೆ ಎಲ್ಲರೂ ಐರೋನ ಚಹಾದಂಗಡಿಯಲ್ಲಿ ಸೇರುತ್ತಾರೆ. ಸೊಕ್ಕಾ ಮೂಲೆಯಲ್ಲಿ ಕೂತು ಎಲ್ಲರ ಚಿತ್ರ ಬರೆಯುತ್ತಿದ್ದಾನೆ. ಸರಣಿಯುದ್ದಕ್ಕೂ ನಕ್ಷೆ ಬರೆದವನ ಕೈಗೆ ಚಿತ್ರ ಮಾತ್ರ ಒಲಿದಿಲ್ಲ. ನನ್ನ ಕೂದಲು ಹೀಗಿದೆಯೇ ಎಂದು ಒಬ್ಬರು, ನಾನು ಗಂಡಸಿನ ಹಾಗೆ ಕಾಣುತ್ತಿದ್ದೇನೆ ಎಂದು ಇನ್ನೊಬ್ಬರು. ಎಲ್ಲರೂ ಚೆನ್ನಾಗಿ ಬಂದಿದ್ದೀರಿ ಎನ್ನುವವಳು ಟಾಫ್ ಒಬ್ಬಳೇ.