ಆಟ ಕಟ್ಟುವವರ ಪಾಡು

ಅಮೆರಿಕದ ನ್ಯೂ ಮೆಕ್ಸಿಕೋ ಸಂಸ್ಥಾನದಲ್ಲಿ ಆಲಮೊಗಾರ್ಡೋ ಎಂಬ ಊರಿದೆ. ಮರುಭೂಮಿಯ ನಡುವಣ ಆ ಊರಿನ ಕಸದ ಗುಂಡಿಯೊಂದನ್ನು 2014ರ ಏಪ್ರಿಲ್ ತಿಂಗಳಲ್ಲಿ ಯಂತ್ರಗಳಿಂದ ಅಗೆದರು. ನೋಡಲು ಜನ ಕಿಕ್ಕಿರಿದಿದ್ದರು. ಮೇಲೆ ಬಂದುದು ಹೊನ್ನಲ್ಲ, ಪ್ರಾಚೀನರ ಮಡಕೆ ಕುಡಿಕೆಗಳೂ ಅಲ್ಲ. ಮೂವತ್ತು ವರ್ಷಗಳ ಹಿಂದೆ ಅಟಾರಿ ಕಂಪೆನಿಯು ಲಾರಿಗಳಲ್ಲಿ ತಂದು ಹೂಳಿಸಿದ್ದ ವಿಡಿಯೋ ಆಟಗಳು!

ತನ್ನ ಸರಕನ್ನು ತಾನೇ ಮಣ್ಣು ಮಾಡುವ ಗತಿ ಆ ಕಂಪೆನಿಗೆ ಏಕೆ ಬಂದಿತು? 1972ರಲ್ಲಿ 'ಪಾಂಗ್' ಎಂಬ ಸರಳವಾದ ಚೆಂಡಾಟದಿಂದ ಹೆಸರು ಗಳಿಸಿದ ಅಟಾರಿ, ಹತ್ತೇ ವರ್ಷಗಳಲ್ಲಿ ಅಮೆರಿಕದ ಮನೆಮನೆಯ ಟೆಲಿವಿಷನ್ನಿಗೂ ಲಗ್ಗೆಯಿಟ್ಟಿತ್ತು. 1982ರಲ್ಲಿ ಸ್ಪೀಲ್‌ಬರ್ಗರ 'ಇ.ಟಿ.' ಚಲನಚಿತ್ರ ಜನಮನವನ್ನು ಸೂರೆಗೊಂಡಾಗ, ಅದೇ ಹೆಸರಿನ ಆಟವೊಂದು ಕ್ರಿಸ್‌ಮಸ್ ಹಬ್ಬಕ್ಕೆ ಅಂಗಡಿ ಸೇರಲೇಬೇಕೆಂದು ಯಜಮಾನರು ಹಟ ಹಿಡಿದರು. ಅದನ್ನು ರಚಿಸಲು ಹೋವರ್ಡ್ ವಾರ್ಷಾ ಅವರಿಗೆ ದೊರೆತ ಅವಧಿ ಸುಮಾರು ಐದು ವಾರ. ಲಕ್ಷಗಟ್ಟಲೆ ಪ್ರತಿಗಳು ಸಿದ್ಧವಾದುವು, ಆಡಿದವರು ಬೇಸತ್ತರು, ಅಂಗಡಿಯವರು ಹಿಂದಿರುಗಿಸಿದರು. ಗುಂಡಿ ಅಗೆದ ದಿನ ನೆರೆದವರಲ್ಲಿ ವಾರ್ಷಾ ಅವರೂ ಇದ್ದರು.

ಅವರೊಬ್ಬರ ಮೇಲೆಯೇ ತಪ್ಪು ಹೊರಿಸುವುದು ಅನ್ಯಾಯ. ಕಂಡಕಂಡವರೆಲ್ಲ ಆಟ ತಯಾರಿಸಿ ಮಾರುಕಟ್ಟೆಯನ್ನು ತುಂಬಿಬಿಟ್ಟಿದ್ದರು. 1983ರಲ್ಲಿ 300 ಕೋಟಿ ಡಾಲರುಗಳನ್ನು ಮೀರಿದ್ದ ಈ ವ್ಯಾಪಾರ 1985ರ ವೇಳೆಗೆ ಸುಮಾರು 10 ಕೋಟಿಗೆ ಕುಸಿಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು, 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸುತ್ತ ಹುಟ್ಟಿದ ಜಪಾನಿನ ನಿಂಟೆಂಡೋ. ತನ್ನ ಅನುಮತಿಯಿಲ್ಲದ ಆಟಕ್ಕೆ ತನ್ನ ಯಂತ್ರದಲ್ಲಿ ಎಡೆಯಿಲ್ಲವೆಂದು ಅದು ಕಟ್ಟುನಿಟ್ಟು ಮಾಡಿತು.

ಈಗ ಈ ಉದ್ಯಮದ ವಾರ್ಷಿಕ ವರಮಾನ ಜಗತ್ತಿನಲ್ಲಿ 18,000 ಕೋಟಿ ಡಾಲರುಗಳನ್ನು ಮೀರಿದೆ. ಅದರಲ್ಲಿ ಅರ್ಧದಷ್ಟು ಅಂಗೈಯಗಲದ ಮೊಬೈಲ್ ಫೋನಿನಿಂದಲೇ ಬರುತ್ತದೆ. ಹೀಗಿದ್ದೂ ಆಟ ಕಟ್ಟುವವರ ಮನೆಗಳಲ್ಲಿ ನೆಮ್ಮದಿಯಿಲ್ಲ. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರು ತೆತ್ತು ಆ್ಯಕ್ಟಿವಿಷನ್ ಬ್ಲಿಝಾರ್ಡ್ ಕಂಪೆನಿಯನ್ನು ಕೊಂಡಿತು. 2024ರ ಜನವರಿಯಲ್ಲಿ ಆಟದ ವಿಭಾಗದ 1,900 ಮಂದಿಯನ್ನು ಕೆಲಸದಿಂದ ಬಿಡಿಸಿತು. ಮರುತಿಂಗಳಲ್ಲೇ ಸೋನಿ ಸುಮಾರು 900 ಮಂದಿಗೆ ಅದೇ ದಾರಿ ತೋರಿತು.

ಹಣ ಹೋದುದೆಲ್ಲಿಗೆ? ಮೊದಲನೆಯದಾಗಿ, ತಯಾರಿಕೆಗೆ. ಸೋನಿಯ 2020ರ 'ದಿ ಲಾಸ್ಟ್ ಆಫ್ ಅಸ್'ನ ಎರಡನೆಯ ಭಾಗಕ್ಕೆ 22 ಕೋಟಿ ಡಾಲರು ತಗುಲಿತೆಂಬ ಗುಟ್ಟು, 2023ರಲ್ಲಿ ನ್ಯಾಯಾಲಯಕ್ಕೆ ಸಲ್ಲಿಸಿದ ಕಾಗದಪತ್ರಗಳಿಂದ ಹೊರಬಿದ್ದಿತು. ಆದರೆ ದೊಡ್ಡ ಆಟದ ಬೆಲೆ ಹದಿನೈದು ವರ್ಷಗಳಲ್ಲಿ ಏರಿದ್ದು 60 ಡಾಲರಿನಿಂದ 70ಕ್ಕೆ ಮಾತ್ರ. ಅದಕ್ಕಿಂತ ಮುಖ್ಯವಾದುದು ಆಡುವವನ ಸಮಯ. ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ. 2017ರಲ್ಲಿ ಬಂದ 'ಫೋರ್ಟ್‌ನೈಟ್' ಪುಕ್ಕಟೆಯಾಗಿ ದೊರೆಯುತ್ತದೆ. ಗೆಳೆಯರೆಲ್ಲ ಅಲ್ಲಿಯೇ ಕೂಡಿದ್ದಾರೆ. ಅವರನ್ನು ಎಬ್ಬಿಸಿ ಕರೆತರುವುದೇನು ಸುಲಭವೇ? ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ 'ಕಾನ್‌ಕಾರ್ಡ್' ಎಂಬ ಆಟವನ್ನು ಸೋನಿ 2024ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿ, ಎರಡೇ ವಾರಗಳಲ್ಲಿ ಹಿಂತೆಗೆದುಕೊಂಡಿತು. ಅದನ್ನು ಕಟ್ಟಿದ ಸಂಸ್ಥೆಯೂ ಮುಚ್ಚಿತು.

ಹಣವಿದ್ದವರಿಗಷ್ಟೇ ಇದು ಒಲಿಯುತ್ತದೆಂದೂ ಹೇಳುವಂತಿಲ್ಲ. ಎರಿಕ್ ಬ್ಯಾರೋನ್ ಎಂಬ ತರುಣ ನಾಲ್ಕು ವರ್ಷಗಳಿಗೂ ಮಿಕ್ಕಿ ಒಬ್ಬನೇ ಕುಳಿತು, ಚಿತ್ರ ಸಂಗೀತಗಳನ್ನೂ ತಾನೇ ರಚಿಸಿ, 2016ರಲ್ಲಿ ಹೊರತಂದ 'ಸ್ಟಾರ್‌ಡ್ಯೂ ವ್ಯಾಲಿ' 4 ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿದೆ. ಅದರಲ್ಲಿರುವುದು ಯುದ್ಧದ ಅಬ್ಬರವಲ್ಲ. ಹೊಲ ಗದ್ದೆ, ದನಕರು, ಕೋಳಿಗಳ ಸಂಸಾರ! ಇಂಥವನು ಲಕ್ಷಕ್ಕೊಬ್ಬನೆಂಬುದೂ ನಿಜ.

ಬೆಂಗಳೂರಿಗೂ ಈ ಕತೆಯ ನಂಟಿದೆ. 1997ರಲ್ಲಿ ಇಲ್ಲಿ ಪ್ರಾರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಪರದೇಶದ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸಿಕೊಟ್ಟರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪೆನಿ ಕೊಂಡಿತು. ಖರ್ಚು ತಗ್ಗಿಸಲು ಹೊರಟ ಹೊರನಾಡಿನ ಯಜಮಾನರು ಇಂಥ ಕೆಲಸವನ್ನು ಇನ್ನಷ್ಟು ಇತ್ತ ಕಳುಹಿಸಬಹುದು. ಅರ್ಧ ಮುಗಿದ ಆಟವನ್ನೇ ಅವರು ಕೈಬಿಟ್ಟರೆ, ಇಲ್ಲಿ ಕಾರಿನ ಚಕ್ರಕ್ಕೆ ಬಣ್ಣ ತುಂಬುತ್ತಿದ್ದವನ ಕೆಲಸವೂ ಅದರೊಡನೆಯೇ ನಿಲ್ಲುತ್ತದೆ.